ನೋಡಿದ ಸಂಚಿಕೆಗೆ ಒಂದು ಸಾಲು: ಧಾರಾವಾಹಿ ಡೈರಿ ಇಟ್ಟುಕೊಳ್ಳುವ ಬಗೆ

ನಮ್ಮ ಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಉಂಟು. ಒಂದು ಮಂಗಳೂರಿನಿಂದ ತಂದ ಕನ್ನಡದ್ದು, ಇನ್ನೊಂದು ಕಾಸರಗೋಡು ಪೇಟೆಯ ಅಂಗಡಿಯವರು ಕೊಟ್ಟ ಮಲಯಾಳದ್ದು. ಕನ್ನಡದ್ದರಲ್ಲಿ ಏಕಾದಶಿ, ಸಂಕ್ರಮಣ, ಮದುವೆ, ಉಪನಯನ ನೋಡುತ್ತೇವೆ. ಮಲಯಾಳದ್ದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅಡಿಕೆಗೆ ಮದ್ದು ಬಿಟ್ಟ ದಿನ ಬರೆಯುತ್ತೇವೆ. 2016ರ ಮಳೆಗಾಲದಲ್ಲಿ ನಾನು ಆ ಚೌಕಗಳೊಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಂಖ್ಯೆ ಸೇರಿಸಲು ಶುರು ಮಾಡಿದೆ. ಅಂದು ಅಜ್ಜಿಯೂ ನಾನೂ ನೋಡಿದ ಧಾರಾವಾಹಿಯ ಸಂಚಿಕೆ ಸಂಖ್ಯೆ ಅದು.

ಯಾಕೆಂದರೆ ಆ ವರ್ಷ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಕರೆಂಟು ಹೋದರೆ ಬರುವುದೇ ಕಷ್ಟವಿತ್ತು. ತೋಟದೊಳಗೆ ಎಲ್ಲೋ ಮರ ಬಿದ್ದು ಲೈನು ತುಂಡಾಗಿರುತ್ತಿತ್ತು, ಎರಡು ದಿನ, ಕೆಲವೊಮ್ಮೆ ಮೂರು ದಿನ ಕತ್ತಲೆ, ಆಮೇಲೆ ಕರೆಂಟು ಬಂದು ಟಿವಿ ಹಾಕಿದ ಕೂಡಲೇ ಅಜ್ಜಿ ಕೇಳುತ್ತಿದ್ದರು, "ಮೊನ್ನೆ ಎಲ್ಲಿಗೆ ನಿಂತದ್ದು?" ನನಗೂ ನೆನಪಿರುತ್ತಿರಲಿಲ್ಲ. ಮೊಬೈಲಿನಲ್ಲಿ ಬಿಟ್ಟುಹೋದ ಸಂಚಿಕೆ ಹುಡುಕಿದರೆ ಎಲ್ಲದರ ಚಿತ್ರವೂ ಒಂದೇ ಥರ. ಅದೇ ಸೊಸೆ, ಅದೇ ಮೆಟ್ಟಿಲು. ಸಂಖ್ಯೆ ಗೊತ್ತಿದ್ದರೆ ಮಾತ್ರ ಸರಿಯಾದ ಜಾಗಕ್ಕೆ ಹೋಗಬಹುದು.

ಅಲ್ಲಿಂದ ಇಲ್ಲಿಯವರೆಗೆ ಬರೆಯುತ್ತಲೇ ಇದ್ದೇನೆ. ಕ್ಯಾಲೆಂಡರಿನಿಂದ ಬೈಂಡ್ ಪುಸ್ತಕಕ್ಕೆ, ಪುಸ್ತಕದಿಂದ ಮೊಬೈಲಿಗೆ, ಮೊಬೈಲಿನಿಂದ ವಾಪಸ್ ಪುಸ್ತಕಕ್ಕೆ ಬಂದಿದ್ದೇನೆ. ಈಗ ಎರಡೂ ಉಂಟು. ಶುರು ಮಾಡಬೇಕು ಅಂತ ಇರುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ನಮ್ಮ ಕಡೆ ಈ ಅಭ್ಯಾಸ ಹೊಸತಲ್ಲ. ಆಟ, ಅಂದರೆ ಯಕ್ಷಗಾನ, ನೋಡುವವರ ಮನೆಗಳಲ್ಲಿ ಇಂಥ ಡೈರಿ ನೀವು ನೋಡಿರಬಹುದು. ನನ್ನ ದೊಡ್ಡಪ್ಪ ಇಟ್ಟಿದ್ದರು. ಯಾವ ಊರು, ಯಾವ ಮೇಳ, ಯಾವ ಪ್ರಸಂಗ, ಭಾಗವತರು ಯಾರು, ಚೆಂಡೆಗೆ ಯಾರು, ಕೊನೆಗೆ ಒಂದು ಸಾಲು. ಮೇಳ ತಿರುಗಾಟಕ್ಕೆ ಹೊರಟಲ್ಲಿಂದ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಅವರು ಬರೆಯುತ್ತಿದ್ದರು. ಒಂದೇ ಪ್ರಸಂಗವನ್ನು ಹತ್ತು ಸಲ ನೋಡಿದರೆ ಹತ್ತು ಸಾಲು. ಕಥೆ ಒಂದೇ, ಆದರೆ ರಾತ್ರಿ ಬೇರೆ ಅಲ್ವಾ? ಧಾರಾವಾಹಿ ಡೈರಿಗೂ ನಾನು ಇದನ್ನೇ ಹಿಡಿದುಕೊಂಡಿದ್ದೇನೆ. ಬರೆಯುವುದು ನೀವು ಕೂತು ನೋಡಿದ ಆ ಹೊತ್ತಿನ ಬಗ್ಗೆ. ಮರುಪ್ರಸಾರ ನೋಡಿದರೆ ಹಳೆಯ ಸಾಲಿನ ಪಕ್ಕ ಟಿಕ್ ಹಾಕಬೇಡಿ, ಹೊಸ ಸಾಲು ಬರೆಯಿರಿ.

ಜಾಹೀರಾತು ಮುಗಿಯುವುದರೊಳಗೆ

ಡೈರಿ ನಿಲ್ಲುವುದು ಒಂದೇ ಕಾರಣಕ್ಕೆ. ಬರೆಯಲು ಜಾಸ್ತಿ ಹೊತ್ತು ಬೇಕಾಗುತ್ತದೆ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 5 ದಿನ ಬರುವ ಧಾರಾವಾಹಿ ಅಂದರೆ ವರ್ಷಕ್ಕೆ 260 ಸಂಚಿಕೆ. 6 ದಿನವಾದರೆ 312. ಸಂಜೆ ನಾಲ್ಕು ಧಾರಾವಾಹಿ ನೋಡುವ ಮನೆಯಲ್ಲಿ ವರ್ಷಕ್ಕೆ 1040 ಸಾಲು ಆಗುತ್ತದೆ. ಒಂದೊಂದಕ್ಕೆ 5 ನಿಮಿಷ ಹಿಡಿದರೆ ವರ್ಷಕ್ಕೆ 86 ಗಂಟೆ ಬರೆಯುವುದೇ ಆಯಿತು. ಅರ್ಧ ನಿಮಿಷದಲ್ಲಿ ಮುಗಿಸಿದರೆ 9 ಗಂಟೆಯೂ ಬೇಡ. ಹಾಗಾಗಿ ನನ್ನ ನಿಯಮ ಇಷ್ಟು: ಒಂದು ಜಾಹೀರಾತು ಬಿಡುವಿನಲ್ಲಿ ಬರೆದು ಮುಗಿಯಬೇಕು. ಕೇಬಲ್ ಟಿವಿ ನಿಯಮಗಳಲ್ಲಿ ಒಂದು ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಬಾರದು ಅಂತ ಉಂಟು. 10 ನಿಮಿಷ ಹೊರಗಿನವರದ್ದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಅರ್ಧ ಗಂಟೆಯ ಧಾರಾವಾಹಿಗೆ 6 ನಿಮಿಷ ಅಂತ ಇಟ್ಟುಕೊಳ್ಳಿ. ಬರೆಯಲು, ಚಾ ಬಿಸಿ ಮಾಡಲು, ಒಲೆ ಆರಿಸಿ ಬರಲು ಧಾರಾಳ ಸಾಕು.

ಕೊನೆಯ ಬಿಡುವಿನಲ್ಲಿ ಬರೆಯಿರಿ. ಸಂಚಿಕೆ ಪೂರ್ತಿ ಮುಗಿದ ಮೇಲೆ ಬರೆಯುತ್ತೇನೆ ಅಂತ ಕೂತರೆ ಮುಂದಿನ ಧಾರಾವಾಹಿ ಶುರುವಾಗಿರುತ್ತದೆ. ಮಲಗುವಾಗ ಬರೆಯುತ್ತೇನೆ ಅಂದರೆ ನಾಲ್ಕರ ಕಥೆಯೂ ಕಲಸಿಹೋಗಿರುತ್ತದೆ. ಇದು ನನಗೆ ಎಷ್ಟೋ ಸಲ ಆಗಿದೆ. ಒಬ್ಬಳ ಸೀಮಂತ ಇನ್ನೊಬ್ಬಳ ಲೆಕ್ಕಕ್ಕೆ ಹೋಗಿದೆ.

ಎಂತ ಬರೆಯಬೇಕು

ನಾಲ್ಕೇ ವಿಷಯ. ನೋಡಿದ ದಿನ, ಧಾರಾವಾಹಿಯ ಹೆಸರು, ಸಂಚಿಕೆ ಸಂಖ್ಯೆ, ಒಂದು ಸಾಲು. ಇದರಲ್ಲಿ ದಿನ ಬರೆಯುವುದು ಸುಲಭ. ಒಂದೇ ರೀತಿ ಬರೆದರಾಯಿತು. ನಾನು ವರ್ಷ, ತಿಂಗಳು, ದಿನ ಅಂತ ಬರೆಯುತ್ತೇನೆ, 2019-02-04 ಅನ್ನುವ ಹಾಗೆ. ಮುಂದೆ ಎಂದಾದರೂ ಕಂಪ್ಯೂಟರಿಗೆ ಹಾಕಿದಾಗ ಈ ಕ್ರಮದಲ್ಲಿದ್ದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ದಿನವನ್ನು ಮೊದಲು ಹಾಕಿದರೆ ಎಲ್ಲ ತಿಂಗಳ 1ನೇ ತಾರೀಕೂ ಒಟ್ಟಿಗೆ ಬಂದು ಕೂರುತ್ತವೆ.

ಹೆಸರೂ ಅಷ್ಟೆ. ಒಂದು ಧಾರಾವಾಹಿಗೆ ಒಂದೇ ಹೆಸರು, ಒಂದೇ ಕಾಗುಣಿತ. ನಮ್ಮ ಮನೆಯಲ್ಲಿ ಮಾತು ತುಳು, ಓದು ಕನ್ನಡ, ಪೇಟೆಗೆ ಹೋದರೆ ಮಲಯಾಳ. ಟಿವಿಯೂ ಹಾಗೆಯೇ. ಅತ್ತಿಗೆ ಬಂದ ಮೇಲೆ ಫ್ಲವರ್ಸ್ ಚಾನೆಲ್‌ನ "ಉಪ್ಪುಂ ಮುಳಗುಂ" ಮನೆಯೊಳಗೆ ಬಂತು. 2015ರ ಡಿಸೆಂಬರಿನಲ್ಲಿ ಶುರುವಾದ ಹಾಸ್ಯ ಧಾರಾವಾಹಿ ಅದು, ಗಲಾಟೆಯ ಒಂದು ಸಂಸಾರದ ಕಥೆ, ಅಜ್ಜಿಗೂ ಬಹಳ ಹಿಡಿಸಿತ್ತು. ಅದನ್ನು ನಾನು ಒಂದು ಕಡೆ ಮುಳಕುಂ ಅಂತ, ಇನ್ನೊಂದು ಕಡೆ ಮುಳಗುಂ ಅಂತ, ಅತ್ತಿಗೆ ಮಲಯಾಳ ಲಿಪಿಯಲ್ಲಿ ಅಂತ ಬರೆದು, ಕೊನೆಗೆ ಎಷ್ಟು ನೋಡಿದ್ದೇವೆ ಅಂತ ಲೆಕ್ಕ ಹಾಕಲು ಆಗಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹೆಸರುಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಎರಡಕ್ಷರದ ಗುರುತು ಕೊಡಿ. ಉಪ್ಪುಂ ಮುಳಗುಂಗೆ ಉಮು. ಒಳಗೆಲ್ಲ ಉಮು ಅಂತ ಬರೆದರೆ ಸಾಕು, ಯಾರು ಬರೆದರೂ ಒಂದೇ.

ಚಾನೆಲ್ ಹೆಸರನ್ನು ಆ ಪಟ್ಟಿಯಲ್ಲೇ ಹಾಕಿಬಿಡಿ, ಪ್ರತಿ ಸಾಲಿನಲ್ಲಿ ಬೇಡ. ಆದರೆ ಹಾಕಿ. ಚಾನೆಲ್‌ಗಳ ಹೆಸರು ಬದಲಾಗುತ್ತದೆ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಕಾರ್ಯಕ್ರಮಗಳೂ ಚಾನೆಲ್ ದಾಟುತ್ತವೆ. ಕನ್ನಡದ ಬಿಗ್ ಬಾಸ್ 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾಯಿತು, ಎರಡನೇ ಸೀಸನ್ ಸುವರ್ಣಕ್ಕೆ ಹೋಯಿತು, ಆಮೇಲೆ ಕಲರ್ಸ್ ಕನ್ನಡಕ್ಕೆ ಬಂತು, ಐದು ಮತ್ತು ಆರನೇ ಸೀಸನ್ ಕಲರ್ಸ್ ಸೂಪರಿನಲ್ಲಿ ಬಂತು. ಹತ್ತು ವರ್ಷ ಬಿಟ್ಟು "ಅದು ಯಾವ ಚಾನೆಲ್‌ನಲ್ಲಿ ಬರುತ್ತಿತ್ತು" ಅಂತ ಮನೆಯಲ್ಲಿ ಮಾತು ಬಂದಾಗ ಈ ಪಟ್ಟಿ ಬಹಳ ಉಪಕಾರ. ನಮ್ಮಂಥವರಿಗೆ ಇನ್ನೂ ಒಂದು ಕಾರಣ ಉಂಟು. ಇಲ್ಲಿ ಕೇರಳದ ಪ್ಯಾಕ್ ಹಾಕಿಸಿಕೊಂಡರೆ ಬೇಕಾದ ಕನ್ನಡ ಚಾನೆಲ್‌ಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಯಾವ ಚಾನೆಲನ್ನು ನಿಜವಾಗಿ ನೋಡುತ್ತೇವೆ, ಯಾವುದಕ್ಕೆ ಸುಮ್ನೆ ದುಡ್ಡು ಕಟ್ಟುತ್ತಿದ್ದೇವೆ ಅಂತ ಡೈರಿ ನೋಡಿದರೆ ತಿಳಿಯುತ್ತದೆ. ನಾವು ಎರಡು ಚಾನೆಲ್ ತೆಗೆಸಿದ್ದು ಹಾಗೆ.

ಸಂಖ್ಯೆಯ ತಲೆನೋವು

ಸಂಚಿಕೆ ಸಂಖ್ಯೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಎಲ್ಲರೂ ಎಡವುವುದು ಇಲ್ಲಿ.

ಟಿವಿಯಲ್ಲಿ ನೋಡುವಾಗ ಸಂಖ್ಯೆ ಕಾಣುವುದೇ ಕಡಿಮೆ. ಮೊಬೈಲ್ ಆಪ್‌ನಲ್ಲಿ ಸಂಖ್ಯೆಯೂ ಇರುತ್ತದೆ, ಪ್ರಸಾರದ ತಾರೀಕೂ ಇರುತ್ತದೆ. ಹಾಗಾಗಿ ದಿನವೂ ಬರುವ ಧಾರಾವಾಹಿಗೆ ಸಂಖ್ಯೆ ಸಿಗದಿದ್ದರೆ ಪ್ರಸಾರದ ತಾರೀಕೇ ಸಂಖ್ಯೆ ಅಂತ ಹಿಡಿಯಿರಿ. ಅಂದು ಅಂದೇ ಟಿವಿಯಲ್ಲಿ ನೋಡಿದರೆ ನೋಡಿದ ದಿನವೂ ಪ್ರಸಾರದ ದಿನವೂ ಒಂದೇ, ಒಮ್ಮೆ ಬರೆದರೆ ಸಾಕು. ತಡವಾಗಿ ಮೊಬೈಲಿನಲ್ಲಿ ನೋಡಿದರೆ ಎರಡನ್ನೂ ಬರೆಯಿರಿ. ಈ ಎರಡು ತಾರೀಕನ್ನು ಒಂದೇ ಮಾಡಿಬಿಟ್ಟರೆ ಡೈರಿ ಕೆಡುತ್ತದೆ. ನಾನು ಮೊದಲ ವರ್ಷ ಹಾಗೆ ಮಾಡಿ, ಕರೆಂಟು ಇಲ್ಲದ ದಿನವೂ ಟಿವಿ ನೋಡಿದ ಹಾಗೆ ದಾಖಲೆ ಆಗಿತ್ತು.

ವಾರಕ್ಕೊಮ್ಮೆ ಬರುವುದಕ್ಕೆ ಮತ್ತು ಸೀಸನ್ ಇರುವುದಕ್ಕೆ ಸೀಸನ್ ಮತ್ತು ಸಂಚಿಕೆ ಬರೆಯಬೇಕು. ಸೀ2 ಸಂ5 ಅಂತ ಚಿಕ್ಕದಾಗಿ ಬರೆಯಿರಿ. ಬಿಗ್ ಬಾಸ್‌ನಂಥದ್ದಕ್ಕೆ ಸಂಚಿಕೆಗಿಂತ ಮನೆಯೊಳಗಿನ ದಿನ ಮುಖ್ಯ, ಹಾಗಾಗಿ "ದಿನ 43" ಅಂತ ಹಾಕಿದರೆ ನೆನಪಿಗೆ ಹತ್ತಿರ.

ಇನ್ನು ಮಹಾಸಂಚಿಕೆ. ಒಂದು ಗಂಟೆ ಬರುತ್ತದೆ. ಒಂದು ಅಂತ ಎಣಿಸಬೇಕೋ ಎರಡು ಅಂತಲೋ? ನನ್ನ ತೀರ್ಮಾನ ಒಂದೇ ಸಾಲು, ಪಕ್ಕದಲ್ಲಿ "ಮಹಾ". ಮಹಾಸಂಗಮ ಮಾತ್ರ ಬೇರೆ. ಅದರಲ್ಲಿ ಎರಡು ಧಾರಾವಾಹಿಯ ಜನ ಒಂದೇ ಮದುವೆ ಮನೆಗೋ ದೇವಸ್ಥಾನಕ್ಕೋ ಬಂದು ಸೇರುತ್ತಾರೆ. ಅದಕ್ಕೆ ಎರಡೂ ಧಾರಾವಾಹಿಯ ಹೆಸರಲ್ಲಿ ಒಂದೊಂದು ಸಾಲು ಬರೆಯಿರಿ. ಇಲ್ಲದಿದ್ದರೆ ಮುಂದೆ ಒಂದರ ಲೆಕ್ಕದಲ್ಲಿ ತೂತು ಕಾಣುತ್ತದೆ, ಯಾಕೆ ಅಂತ ನಿಮಗೇ ಗೊತ್ತಾಗುವುದಿಲ್ಲ.

ಹಳೆಯ ಧಾರಾವಾಹಿಗಳಲ್ಲಿ ಪಟ್ಟಿಯಿಂದ ಪಟ್ಟಿಗೆ ಸಂಖ್ಯೆ ಬದಲಾಗಬಹುದು. ಮಾಲ್ಗುಡಿ ಡೇಸ್ ಅನ್ನೇ ತೆಗೆದುಕೊಳ್ಳಿ. ಆಗುಂಬೆಯಲ್ಲಿ ಶಂಕರ್ ನಾಗ್ ನಿರ್ದೇಶಿಸಿದ್ದು 39 ಸಂಚಿಕೆ. ಆಮೇಲೆ ಎಷ್ಟೋ ವರ್ಷ ಬಿಟ್ಟು ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಬಂತು. ಒಟ್ಟು 54. ಒಬ್ಬರ ಪಟ್ಟಿಯಲ್ಲಿ 39ಕ್ಕೆ ಮುಗಿದರೆ ಇನ್ನೊಬ್ಬರ ಪಟ್ಟಿಯಲ್ಲಿ 54ಕ್ಕೆ ಮುಗಿಯುತ್ತದೆ, ಇಬ್ಬರೂ ಸರಿ. ಇಂಥದ್ದಕ್ಕೆ ಸಂಖ್ಯೆಯ ಜೊತೆ ಸಂಚಿಕೆಯ ಹೆಸರನ್ನೂ ಬರೆಯಿರಿ. ಹೆಸರು ಇದ್ದರೆ ಸಂಖ್ಯೆ ತಪ್ಪಿದರೂ ಹುಡುಕಬಹುದು. ಮಹಾಭಾರತದ ಹಾಗೆ ಒಂದೇ ಹೆಸರಿನದು ಎರಡಿದ್ದರೆ ವರ್ಷ ಸೇರಿಸಿ. 1988ರಲ್ಲಿ ದೂರದರ್ಶನದಲ್ಲಿ ಶುರುವಾದದ್ದು 94 ಸಂಚಿಕೆ, 2013ರಲ್ಲಿ ಸ್ಟಾರ್‌ನಲ್ಲಿ ಶುರುವಾದದ್ದು 267. ಆ ಎರಡನೆಯದು 2020ರಲ್ಲಿ ಕನ್ನಡದ ಮಾತುಗಳೊಂದಿಗೆ ಸ್ಟಾರ್ ಸುವರ್ಣದಲ್ಲಿ ಬಂತು. ನಮ್ಮ ಪುಸ್ತಕದಲ್ಲಿ ಮ88, ಮ13 ಅಂತ ಗುರುತು.

ಪೂರ್ತಿ ನೋಡಿದ್ದಕ್ಕೆ ಏನೂ ಗುರುತು ಬೇಡ. ಅರ್ಧ ನೋಡಿದರೆ "ಅ". ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಲೋ ಬೀಡಿ ಕಟ್ಟುತ್ತಲೋ ಬರೀ ಕಿವಿಯಲ್ಲಿ ಕೇಳಿದ್ದಾದರೆ "ಕಿ". ನಮ್ಮ ಊರಿನ ಎಷ್ಟೋ ಹೆಂಗಸರು ಧಾರಾವಾಹಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಬೀಡಿ ಎಲೆ ಕತ್ತರಿಸುವಾಗ ಕಣ್ಣು ಕತ್ತರಿಯ ಮೇಲೆಯೇ ಇರಬೇಕು. ಧ್ವನಿಯಲ್ಲೇ ಯಾರು ಬಂದರು, ಯಾರು ಅಳುತ್ತಿದ್ದಾರೆ ಅಂತ ಗೊತ್ತು. ಅದೂ ನೋಡಿದ ಲೆಕ್ಕವೇ, ಧೈರ್ಯವಾಗಿ ಬರೆಯಿರಿ. ತಪ್ಪಿಹೋದ ಸಂಚಿಕೆಗೆ ತಾರೀಕು ಹಾಕಿ ಒಂದು ಗೀಟು. ಗೀಟು ಹಾಕದೆ ಬಿಟ್ಟರೆ ನೋಡಲಿಲ್ಲವೋ, ಬರೆಯಲು ಮರೆತದ್ದೋ ತಿಳಿಯುವುದಿಲ್ಲ.

ಆ ಒಂದು ಸಾಲು

ಕಥೆ ಬರೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಥೆ ಆಪ್‌ನಲ್ಲೇ ಎರಡು ಸಾಲು ಬರೆದಿರುತ್ತದೆ, ಪ್ರೋಮೋದಲ್ಲಿ ಇರುತ್ತದೆ, ಮರುದಿನದ ಸಂಚಿಕೆಯ ಶುರುವಿನಲ್ಲಿ "ಹಿಂದಿನ ಸಂಚಿಕೆಯಲ್ಲಿ" ಅಂತ ಬರುತ್ತದೆ. ನೀವು ಬರೆಯಬೇಕಾದದ್ದು ಬೇರೆ ಯಾರೂ ಬರೆಯದ್ದು. ನಿಮಗೆ ಹಿಡಿಸಿದ ಒಂದು ಮಾತು. ಅರ್ಥವಾಗದೆ ಉಳಿದ ಒಂದು ಪ್ರಶ್ನೆ. ಪಕ್ಕದಲ್ಲಿ ಕೂತವರು ಹೇಳಿದ್ದು. ಇದರಲ್ಲಿ ಕೊನೆಯದು ಎಲ್ಲಕ್ಕಿಂತ ಬೆಲೆಯದ್ದು ಅಂತ ನನಗೆ ತಿಳಿದದ್ದು ತಡವಾಗಿ.

ನನ್ನ ಪುಸ್ತಕದ ಕೆಲವು ಸಾಲು ಇಲ್ಲಿ ಕೊಡುತ್ತೇನೆ, ಧಾರಾವಾಹಿಯ ಗುರುತು ಬಿಟ್ಟು.

2017-08-09. 212. ಅಜ್ಜಿ ಮಧ್ಯದಲ್ಲೇ ಎದ್ದು ಹೋದರು. ಹೊಡೆಯುವ ದೃಶ್ಯ ಅವರಿಗೆ ಆಗುವುದಿಲ್ಲ.

2019-02-04. 598. ಅಡಿಕೆ ಸುಲಿಯುತ್ತಾ ನೋಡಿದ್ದು, ಅ. ಮನೆ ಮಾರುವ ವಿಷಯ ತಮ್ಮನಿಗೆ ಗೊತ್ತಾಯಿತೋ ಇಲ್ಲವೋ?

2020-03-28. ರಾಮಾಯಣ, ಮರುಪ್ರಸಾರ. ಅಮ್ಮ ಮೂವತ್ತ್ಮೂರು ವರ್ಷದ ಮೇಲೆ ನೋಡುತ್ತಿದ್ದಾರೆ. ತಲಪಾಡಿಯಲ್ಲಿ ಗಡಿ ಬಂದ್. ಒಳರಸ್ತೆಗೆ ಮಣ್ಣು ಹಾಕಿದ್ದಾರಂತೆ.

ಮೂರನೆಯ ಸಾಲಿನಲ್ಲಿ ರಾಮಾಯಣದ ಬಗ್ಗೆ ಏನೂ ಇಲ್ಲ. ಆದರೆ ಅದನ್ನು ಓದಿದರೆ ಕೊರೊನಾ ಲಾಕ್‌ಡೌನಿನ ಆ ತಿಂಗಳು ಪೂರ್ತಿ ಕಣ್ಣಮುಂದೆ ಬರುತ್ತದೆ. ಕೇರಳ-ಕರ್ನಾಟಕ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗಲು ದಾರಿ ಇಲ್ಲದೆ ಇಲ್ಲಿಯ ಜನ ಪಟ್ಟ ಪಾಡು, ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಮನೆಯಿಂದಲೂ ಕೇಳುತ್ತಿದ್ದ ಒಂದೇ ಹಾಡು. ಆಗ ಕನ್ನಡ ಧಾರಾವಾಹಿಗಳ ಶೂಟಿಂಗ್ ನಿಂತು, ಹೊಸ ಸಂಚಿಕೆಗಳಿಲ್ಲದೆ ಹಳೆಯದೇ ಬರುತ್ತಿತ್ತು. ನನ್ನ ಪುಸ್ತಕದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಪುಟಗಳಲ್ಲಿ ದಿನದ ಧಾರಾವಾಹಿಗಳ ಕಾಲಂ ಹೆಚ್ಚುಕಡಿಮೆ ಖಾಲಿ. ಜೂನಿನಲ್ಲಿ ಹೊಸ ಸಂಚಿಕೆ ಬಂದಾಗ ಕೆಲವು ಧಾರಾವಾಹಿ ವಾಪಸ್ ಬರಲೇ ಇಲ್ಲ.

ಅಜ್ಜಿ 2021ರಲ್ಲಿ ಹೋದರು. ಅವರ ಫೋಟೋ ಐದಾರು ಉಂಟು. ಅವರ ಮಾತು ಬರೆದಿಟ್ಟ ಜಾಗ ಅಂದರೆ ಈ ಡೈರಿ ಒಂದೇ. "ಇವಳಿಗೆ ಅತ್ತೆ ಅಲ್ಲ ತೊಂದರೆ, ಗಂಡನಿಗೆ ಬಾಯಿ ಇಲ್ಲದ್ದು" ಅಂತ ಒಂದು ಸಾಲು ಉಂಟು, 2018ರ ನವೆಂಬರಿನದ್ದು. ಆ ಧಾರಾವಾಹಿಯಲ್ಲಿ ಅಂದು ಎಂತ ಆಯಿತು ಅಂತ ನನಗೆ ನೆನಪಿಲ್ಲ. ಅಜ್ಜಿ ಹೇಳಿದ ಧಾಟಿ ಮಾತ್ರ ಕಿವಿಯಲ್ಲೇ ಉಂಟು. ಮನೆಯಲ್ಲಿ ಹಿರಿಯರು ಇದ್ದರೆ ಅವರು ಟಿವಿಗೆ ಹೇಳುವ ಮಾತನ್ನು ಬಿಡಬೇಡಿ. ಅವರು ಆಡಿದ ಹಾಗೆಯೇ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆಯಿರಿ.

ನಕ್ಷತ್ರ ಕೊಡುವುದು, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು ನಾನು ಒಂದು ವರ್ಷ ಮಾಡಿ ಬಿಟ್ಟೆ. ಎಲ್ಲಕ್ಕೂ ಆರೋ ಏಳೋ ಬರುತ್ತಿತ್ತು. ಬೇಕಾದರೆ ತುಂಬ ಒಳ್ಳೆಯದಕ್ಕೆ ಒಂದು ಚುಕ್ಕೆ ಇಡಿ, ಸಾಕು.

ಪುಸ್ತಕವೋ ಮೊಬೈಲೋ

ಪುಸ್ತಕದಿಂದ ಶುರು ಮಾಡಿ ಅಂತಲೇ ನಾನು ಹೇಳುವುದು. ಟಿವಿಯ ಪಕ್ಕ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲು. ಮನೆಯವರೆಲ್ಲ ಬರೆಯಬಹುದು, ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ. 200 ಪುಟದ ಬೈಂಡ್ ಪುಸ್ತಕದಲ್ಲಿ ಪುಟಕ್ಕೆ 25 ಸಾಲಿನಂತೆ 5000 ಸಾಲು ಹಿಡಿಯುತ್ತದೆ. ವರ್ಷಕ್ಕೆ ಸಾವಿರ ಬರೆದರೂ ಐದು ವರ್ಷ ಬರುತ್ತದೆ.

ನಮ್ಮ ಊರಿನ ಶತ್ರು ಮಳೆಗಾಲದ ತಂಡಿ. 2018ರಲ್ಲಿ ನನ್ನ ಜೆಲ್ ಪೆನ್ನಿನ ಅಕ್ಷರಗಳೆಲ್ಲ ನೀಲಿ ಮೋಡದ ಹಾಗೆ ಹರಡಿಹೋದವು. ಹಂಚಿನಿಂದ ಒಂದೇ ಒಂದು ಹನಿ ಬೀಳುತ್ತಿತ್ತು, ಅದು ಸರಿಯಾಗಿ ಪುಸ್ತಕದ ಮೇಲೆ. ಹೆಚ್ಚುಕಡಿಮೆ ಎಂಬತ್ತು ಸಾಲು ಹೋಯಿತು. ಆ ಬೇಸರ ಈಗಲೂ ಉಂಟು. ಅಂದಿನಿಂದ ಪೆನ್ಸಿಲು, ಇಲ್ಲದಿದ್ದರೆ ಬಾಲ್ ಪೆನ್ನು. ಪೆನ್ಸಿಲಿನ ಅಕ್ಷರ ನೀರಿಗೆ ಕರಗುವುದಿಲ್ಲ. ತುಂಬಿದ ಪುಸ್ತಕವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಹಾಕಿ, ಗೋಡೆಗೆ ತಾಗದ ಹಾಗೆ ಇಡಿ. ಗೆದ್ದಲು ಬರುವುದು ಗೋಡೆಯಿಂದಲೇ.

ಮೊಬೈಲಿನಲ್ಲಿ ಇಡುವುದಾದರೆ ಗೂಗಲ್ ಶೀಟ್ಸ್ ಸಾಕು. ಕಾಲಂಗಳು ಇವು: ನೋಡಿದ ದಿನ, ಪ್ರಸಾರದ ದಿನ, ಧಾರಾವಾಹಿ, ಸೀಸನ್, ಸಂಚಿಕೆ, ಎಲ್ಲಿ ನೋಡಿದ್ದು, ಯಾರ ಜೊತೆ, ಒಂದು ಸಾಲು. ಧಾರಾವಾಹಿಯ ಕಾಲಂಗೆ ಡ್ರಾಪ್‌ಡೌನ್ ಹಾಕಿಬಿಟ್ಟರೆ ಪ್ರತಿ ಸಲ ಟೈಪ್ ಮಾಡಬೇಕಾಗಿಲ್ಲ, ಕಾಗುಣಿತವೂ ತಪ್ಪುವುದಿಲ್ಲ. ಅಂಕಿಗಳನ್ನು 1, 2, 3 ಅಂತಲೇ ಹಾಕಿ. ಕನ್ನಡ ಅಂಕಿ ನೋಡಲು ಚಂದ, ಆದರೆ ಶೀಟ್ ಅದನ್ನು ಅಕ್ಷರ ಅಂತ ತಿಳಿದು ಲೆಕ್ಕ ಕೂಡಿಸುವುದಿಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಮೊಬೈಲಿನ ಕೀಬೋರ್ಡ್ ಹೇಗೂ ಯೂನಿಕೋಡ್. ಕಂಪ್ಯೂಟರಿನಲ್ಲಿ "ನುಡಿ" ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುವ ಅಭ್ಯಾಸ ಇದ್ದವರು ಮಾತ್ರ ಸ್ವಲ್ಪ ನೋಡಿಕೊಳ್ಳಿ, ಅದು ಬೇರೆ ಕಡೆ ತೆರೆದರೆ ಅಕ್ಷರವೆಲ್ಲ ಗೋಜಲು.

ಟ್ರಾಕ್ಟ್, ಸೀರಿಯಲೈಸ್ಡ್ ಥರದ ಆಪ್‌ಗಳೂ ಉಂಟು. ಹೆಸರು ಹುಡುಕಿ ಒತ್ತಿದರೆ ಸಂಚಿಕೆ ದಾಖಲಾಗುತ್ತದೆ, ನೀವು ಬೇರೆ ದೇಶದ ಸೀರೀಸ್‌ಗಳನ್ನು ನೋಡುವವರಾದರೆ ಬಹಳ ಅನುಕೂಲ. ಕನ್ನಡದ ದಿನದ ಧಾರಾವಾಹಿಗೆ ಇವನ್ನು ನಂಬಬೇಡಿ. ಪಟ್ಟಿ ಅರ್ಧಕ್ಕೆ ನಿಂತಿರುತ್ತದೆ, ಕೆಲವು ಧಾರಾವಾಹಿಗಳ ಹೆಸರೇ ಇರುವುದಿಲ್ಲ.

ನೋಡುವ ಆಪ್‌ನಲ್ಲೇ ಇತಿಹಾಸ ಇರುತ್ತದಲ್ಲ, ಮತ್ತೆ ಯಾಕೆ ಬರೆಯಬೇಕು ಅಂತ ತಂಗಿ ಕೇಳಿದ್ದಳು. ಆಪ್‌ಗಳು ಉಳಿಯುವುದಿಲ್ಲ, ಅದಕ್ಕೆ. ಕಲರ್ಸ್ ಕನ್ನಡದ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು. 2023ರಲ್ಲಿ ವೂಟ್ ಹೋಗಿ ಜಿಯೋಸಿನಿಮಾ ಆಯಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಎರಡು ವರ್ಷದಲ್ಲಿ ಒಂದೇ ಧಾರಾವಾಹಿಗೆ ಮೂರು ಮನೆ. ನಿಮ್ಮ ದಾಖಲೆ ನಿಮ್ಮ ಕೈಯಲ್ಲಿದ್ದರೆ ಅವರು ಎಷ್ಟು ಮನೆ ಬದಲಿಸಿದರೂ ಚಿಂತೆ ಇಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದ್ದರ ಪಟ್ಟಿಯನ್ನು ಅಕೌಂಟ್ ಪುಟದ ವೀಕ್ಷಣೆಯ ದಾಖಲೆಯಿಂದ ಫೈಲ್ ಆಗಿ ಇಳಿಸಿಕೊಳ್ಳಬಹುದು. ಹೆಸರು ಮತ್ತು ತಾರೀಕು ಮಾತ್ರ ಬರುತ್ತದೆ, ಆದರೂ ಶೀಟಿಗೆ ಅಂಟಿಸಿಕೊಳ್ಳಲು ಅಷ್ಟೇ ಸಾಕು.

ಶೀಟ್ ಇಟ್ಟವರು ಮೂರು ತಿಂಗಳಿಗೊಮ್ಮೆ ಅದನ್ನು ಸಿಎಸ್‌ವಿ ಫೈಲ್ ಮಾಡಿ ಬೇರೆ ಕಡೆಯೂ ಇಡಿ. ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ವಿಚಿತ್ರವಾಗಿ ಕಂಡರೆ ಗಾಬರಿಯಾಗಬೇಡಿ. ಫೈಲ್ ಹಾಳಾಗಿಲ್ಲ. ಇಂಪೋರ್ಟ್ ಮಾಡುವಾಗ ಯುಟಿಎಫ್-8 ಅಂತ ಆರಿಸಿದರೆ ಸರಿಯಾಗುತ್ತದೆ.

ಹಳೆಯದನ್ನು ಏನು ಮಾಡುವುದು

ಶುರು ಮಾಡಿದವರಿಗೆಲ್ಲ ಒಂದು ಆಸೆ ಬರುತ್ತದೆ. ಇಷ್ಟು ವರ್ಷ ನೋಡಿದ್ದನ್ನೆಲ್ಲ ಬರೆದುಬಿಡೋಣ ಅಂತ. ದಯವಿಟ್ಟು ಸಂಚಿಕೆ ಸಂಚಿಕೆಯಾಗಿ ಬರೆಯಲು ಹೋಗಬೇಡಿ, ಸುಳ್ಳು ತಾರೀಕು ತುಂಬುತ್ತೀರಿ. ಪುಸ್ತಕದ ಹಿಂದಿನಿಂದ ನಾಲ್ಕು ಪುಟ ಬಿಟ್ಟು ಅಲ್ಲಿ "ಹಳೆಯದು" ಅಂತ ಬರೆದು, ಧಾರಾವಾಹಿಗೆ ಒಂದು ಸಾಲಿನಂತೆ ನೆನಪನ್ನು ಹಾಕಿ. ವರ್ಷ ಗೊತ್ತಿಲ್ಲದಿದ್ದರೆ ಗೊತ್ತಿರುವ ಬೇರೆ ಏನನ್ನಾದರೂ ಹಿಡಿದು ಹತ್ತಿರ ಹೋಗಿ. ಅಮ್ಮನನ್ನು ಕೇಳಿದೆ, ಮೊದಲು ಟಿವಿ ನೋಡಿದ್ದು ಯಾವಾಗ? "ಕಾಸರಗೋಡು ಜಿಲ್ಲೆ ಆಗಿ ಎರಡು ಮೂರು ವರ್ಷ ಆಗಿತ್ತು, ಆದಿತ್ಯವಾರ ಬೆಳಿಗ್ಗೆ ಪಕ್ಕದ ಮನೆಯಲ್ಲಿ ರಾಮಾಯಣ" ಅಂದರು. ಜಿಲ್ಲೆ ಆದದ್ದು 1984ರ ಮೇ 24. ರಾಮಾಯಣ ಶುರುವಾದದ್ದು 1987ರ ಜನವರಿ 25, ಮುಗಿದದ್ದು 1988ರ ಜುಲೈ 31, ಒಟ್ಟು 78 ಸಂಚಿಕೆ. ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಪಕ್ಕದ ಮನೆಯವರು ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸುತ್ತಿದ್ದರಂತೆ, ಒಬ್ಬರು ಮಾಡು ಹತ್ತಿ ಆಂಟೆನಾ ಹಿಡಿಯುತ್ತಿದ್ದರಂತೆ. ಅದಿಷ್ಟೂ ಒಂದೇ ಸಾಲಿನಲ್ಲಿ ಹಿಡಿಸಲಿಲ್ಲ, ಹಳೆಯದಕ್ಕೆ ಎರಡು ಸಾಲು ಪರವಾಗಿಲ್ಲ.

ಕನ್ನಡ ಚಾನೆಲ್‌ಗಳ ಕಾಲ ಗುರುತಿಸಲು ಉದಯ ಟಿವಿ 1994ರಲ್ಲಿ ಬಂದದ್ದು, ಈಟಿವಿ ಕನ್ನಡ 2000ದ ಕೊನೆಗೆ, ಜೀ ಕನ್ನಡ 2006ರಲ್ಲಿ ಅಂತ ನೆನಪಿಟ್ಟುಕೊಳ್ಳಿ. ಅದಕ್ಕಿಂತ ಹಿಂದಿನದು ಅಂತ ಯಾರಾದರೂ ಹೇಳಿದರೆ ಚಾನೆಲ್ ಕಲಸಿಹೋಗಿದೆ ಅಂತ ಅರ್ಥ.

ಬಿಟ್ಟದ್ದು, ಮುಗಿದದ್ದು

ನಡುವೆ ಬಿಟ್ಟ ಧಾರಾವಾಹಿಗೆ ಬಿಟ್ಟ ದಿನ ಮತ್ತು ಕಾರಣ ಬರೆಯಿರಿ. "ಒಂದೇ ವಿಷಯವನ್ನು ಮೂರು ವಾರದಿಂದ ಎಳೆಯುತ್ತಿದ್ದಾರೆ" ಅನ್ನುವುದೂ ಕಾರಣವೇ, "ಹೊತ್ತು ಬದಲಾಯಿತು, ಅಪ್ಪನ ವಾರ್ತೆಯ ಸಮಯ" ಅನ್ನುವುದೂ ಕಾರಣವೇ. ಮುಗಿದ ಧಾರಾವಾಹಿಗೆ ಕೊನೆಯ ಸಾಲಿನ ಕೆಳಗೆ ಎರಡು ಗೀಟು ಎಳೆದು, ಒಟ್ಟು ಸಂಚಿಕೆ ಎಷ್ಟು, ನೋಡಿದ್ದು ಎಷ್ಟು, ಕಿವಿಯಲ್ಲಿ ಕೇಳಿದ್ದು ಎಷ್ಟು, ತಪ್ಪಿದ್ದು ಎಷ್ಟು ಅಂತ ಎಣಿಸಿ ಹಾಕಿ. ಎಣಿಸಲು ಮನೆಯ ಮಕ್ಕಳನ್ನು ಕೂರಿಸಿ, ಅವರಿಗೆ ಖುಷಿ.

ಬಿಟ್ಟದ್ದರ ಕೆಳಗೆ ಮಾತ್ರ ಗೀಟು ಎಳೆಯಬೇಡಿ. ಎರಡು ಬೆರಳು ಜಾಗ ಖಾಲಿ ಇಡಿ. ಅಮ್ಮ 2019ರಲ್ಲಿ ಸಾಕು ಅಂತ ಬಿಟ್ಟ ಒಂದನ್ನು 2023ರ ಮಳೆಗಾಲದಲ್ಲಿ, ಕಾಲು ಉಳುಕಿ ಮೂರು ವಾರ ಮಂಚದಲ್ಲೇ ಇದ್ದಾಗ, ಮೊಬೈಲಿನಲ್ಲಿ ಮತ್ತೆ ಶುರು ಮಾಡಿದರು. ಎಲ್ಲಿಂದ ಅಂತ ಹುಡುಕಬೇಕಾಗಲಿಲ್ಲ. ಪುಸ್ತಕದಲ್ಲಿ 340 ಅಂತ ಇತ್ತು, 341 ಹಾಕಿ ಕೊಟ್ಟೆ, ಆ ಖಾಲಿ ಜಾಗದಲ್ಲಿ ಅವರೇ ಪೆನ್ಸಿಲು ಹಿಡಿದು ಬರೆದರು.